ಐವತ್ತೆಂಟು ಎಂದು ಬರೆದ ಬಿಲ್ಲು

ಅಕ್ಟೋಬರ್ 19

ಸಂಜೆ ಸೀಡರ್ ಜೌಗಿನ ಅಂಚಿನಲ್ಲಿ ಒಂದು ಹೆಣ್ಣು ಜಿಂಕೆ, ಹದಿನಾರು ಗಜ ದೂರ. ಹೊಡೆದೆ. ನಡುವೆ ಸಣ್ಣ ಕೊಂಬೆಯೊಂದಕ್ಕೆ ಬಾಣ ತಾಗಿ ಗುರಿ ತಪ್ಪಿತು. ಬಾಣವೂ ಸಿಗಲಿಲ್ಲ.

ಬೇಟೆಯ ಕ್ಯಾಂಪಿಗೆ ಬಂದು ಹೇಳಿದರೆ ಜೊತೆಗಾರ ಡೆಲ್ಬರ್ಟ್, "ಏನು, ಅರವತ್ತೈದೂ ಗುರಿ ತಪ್ತಾನಾ?" ಎಂದ. ಈ ಕ್ಯಾಂಪಿನಲ್ಲಿ ಯಾರೂ ನನ್ನನ್ನು ರೇನೊ ಎಂದು ಕರೆಯುವುದಿಲ್ಲ. ಅರವತ್ತೈದು ಪೌಂಡ್ ಎಳೆತದ ಬಿಲ್ಲು ಹಿಡಿದು ಬಂದ ಮೊದಲ ವರ್ಷವೇ ಆ ಹೆಸರು ಬಿತ್ತು, ಇಪ್ಪತ್ತಾರು ವರ್ಷವಾಯಿತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಭುಜ ಸ್ವಲ್ಪ ಹಿಡಿದಿದೆ. ಚಳಿಗೆ.

ಅಕ್ಟೋಬರ್ 20

ಬೇಟೆಗೆ ಹೋಗಲಿಲ್ಲ. ಕಟ್ಟಿಗೆ ಒಡೆದೆ.

ಮಾರ್ಚ್ 8

ಈ ಚಳಿಗಾಲ ದೊಡ್ಡ ಸರೋವರದ ಮೇಲಿಂದ ಬಂದ ಹಿಮಕ್ಕೆ ಲೆಕ್ಕವೇ ಇಲ್ಲ. ಹಿಮ ತಳ್ಳುವ ಲಾರಿಯ ಲಿವರ್ ಎಳೆದೂ ಎಳೆದೂ ಬಲ ಭುಜ ಕೆಟ್ಟಿದೆ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ಆ ಲಿವರನ್ನು ಒಂದು ಬೆರಳಲ್ಲಿ ಎಳೆಯಬಹುದು. ಯಾರೂ ಕೇಳಲಿಲ್ಲವಾದ್ದರಿಂದ ಬಚಾವು.

ಇವತ್ತು ನೆಲಮಾಳಿಗೆಗೆ ಇಳಿದು ಬಿಲ್ಲಿಗೆ ಹೆದೆ ಏರಿಸಿ ಎಳೆದೆ. ಬೆರಳು ಬಾಯಿಯ ಮೂಲೆಗೆ ತಾಗಬೇಕು. ನಾಲ್ಕು ಅಂಗುಲ ದೂರದಲ್ಲೇ ನಿಂತಿತು. ಮತ್ತೆ ಎಳೆದೆ, ಮತ್ತೆ ಅಲ್ಲಿಗೇ. ಮೂರನೇ ಸಲಕ್ಕೆ ಮೆಟ್ಟಿಲ ಮೇಲಿಂದ ಹೆಂಡತಿ ವೆರ್ನಾ, "ಏನದು ನರಳಾಟ? ಹಂದಿ ಗಿಂದಿ ಸಾಕಿದೀಯಾ ಕೆಳಗೆ?" ಎಂದು ಕೂಗಿದಳು.

"ಪೆಟ್ಟಿಗೆ ಸರಿಸ್ತಾ ಇದೀನಿ."

"ಅರವತ್ತೊಂದು ವರ್ಷ ಆಯ್ತು ನಿಂಗೆ. ಪೆಟ್ಟಿಗೆ ಅಲ್ಲೇ ಇರ್ಲಿ ಬಿಡು."

ಅವಳಿಗೆ ಎಲ್ಲ ಗೊತ್ತಾಗುತ್ತದೆ. ಹೇಳುವುದಿಲ್ಲ, ಅಷ್ಟೇ.

ಏಪ್ರಿಲ್ 14

ಬಿಲ್ಲು ಮಾಡುವ ಎಮಿಲ್‌ನ ಕೊಟ್ಟಿಗೆಗೆ ಹೋದೆ. ಈ ಸೀಮೆಯಲ್ಲಿ ಬಿಲ್ಲು ಹಿಡಿದವರೆಲ್ಲ ಅವನ ಕೈಯಿಂದಲೇ ಹಿಡಿದವರು. ಎಂಬತ್ತು ಹತ್ತಿರ ಬಂತು, ಕಣ್ಣಿಗೆ ಪೊರೆ, ಆದರೆ ಮರ ಕೆತ್ತುವಾಗ ಬೆರಳೇ ಕಣ್ಣು. "ಭುಜ ಸರಿಯಾಗುವ ತನಕ ಒಂದು ಚೂರು ಕಡಿಮೆಯದು ನೋಡೋಣ ಅಂತ" ಎಂದೆ. ಅವನು ಏನೂ ಕೇಳದೆ ಒಲೆಯ ಪಕ್ಕದ ಎತ್ತರದ ಸ್ಟೂಲು ತೋರಿಸಿದ.

ಆ ಸ್ಟೂಲಿನ ಮೇಲೆ ಕೂರದೆ ಎಮಿಲ್‌ನಿಂದ ಬಿಲ್ಲು ಪಡೆದವರಿಲ್ಲ. ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ. ಬಿಲ್ಲು ಪೂರ್ತಿ ಎಳೆದು, ಹಾಗೇ ಹಿಡಿದುಕೊಂಡು, ಬೆಳಿಗ್ಗೆ ಏನು ತಿಂದೆ ಎಂದು ಹೇಳಬೇಕು. ಬಿಲ್ಲೂ ನಡುಗಬಾರದು, ಮಾತೂ ನಡುಗಬಾರದು.

ಅರವತ್ತು ಕೊಟ್ಟ. "ಮೊಟ್..." ಅಷ್ಟೇ ಬಂತು.

ಐವತ್ತೈದು. "ಮೊಟ್ಟೆ, ಬ್ರೆ..."

"ಬ್ರೆ ಅಂದ್ರೆ ಏನೋ? ಹೊಸ ತಿಂಡಿನಾ?"

ಐವತ್ತಕ್ಕೆ ಸಾಸೇಜಿನ ಅರ್ಧದವರೆಗೆ ಹೋಗಿ ಕೈ ಅದುರಿತು. ಎಮಿಲ್ ಮೂಲೆಯಿಂದ ಇನ್ನೊಂದು ತಂದ. ಹೆಂಗಸರ ಬಿಲ್ಲಿನಂತೆ ತೆಳ್ಳಗಿತ್ತು. ಎಳೆದೆ, ಬೆರಳು ತಾನಾಗಿ ಬಾಯಿಯ ಮೂಲೆಗೆ ಬಂದು ಕೂತಿತು. "ಎರಡು ಮೊಟ್ಟೆ, ಬ್ರೆಡ್ಡು, ಎರಡು ಸಾಸೇಜು, ವೆರ್ನಾ ಆ ಕಡೆ ತಿರುಗಿದಾಗ ಇನ್ನೊಂದು ಸಾಸೇಜು" ಎಂದು ಪೂರ್ತಿ ಹೇಳಿದೆ.

"ಇದು ನಿನ್ನ ಬಿಲ್ಲು," ಎಂದ ಎಮಿಲ್. "ನಲವತ್ತಾರು."

"ನಲವತ್ತಾರಾ? ನಮ್ಮ ಹುಡುಗಿ ಐಲಿದೇ ನಲವತ್ತೆಂಟು!"

"ಜಿಂಕೆಗೆ ನಿನ್ನ ನಂಬರ್ ಗೊತ್ತಾಗಲ್ಲ ಕಣೋ. ಅಲಗು ಹರಿತ ಇದೆಯಾ, ಎಲ್ಲಿ ಬಿತ್ತು, ಅಷ್ಟೇ ಅದಕ್ಕೆ ಗೊತ್ತಾಗೋದು."

ಅವನು ನನ್ನ ಕಡೆ ನೋಡದೆ ಹೇಳಿದ. ನನಗೆ ಮುಖ ಬಿಸಿಯಾಯಿತು. ಅಂಥದೇ ಹೊಸದೊಂದು ಮಾಡಿಕೊಡು ಎಂದು ಹೇಳಿ ಬಂದೆ.

ಮೇ 22

ಬಿಲ್ಲು ಸಿದ್ಧವಾಗಿದೆ. ಇಷ್ಟು ಚೆಂದದ್ದು ನನ್ನ ಕೈಗೆ ಬಂದಿರಲಿಲ್ಲ. ಕೊನೆಯ ವಾರ್ನಿಷ್ ಹಚ್ಚುವ ಮೊದಲು ಎಮಿಲ್ ಹಿಡಿಯ ಮೇಲೆ ಮಸಿಯಲ್ಲಿ ಉದ್ದ, ಎಳೆತ, ತನ್ನ ಹೆಸರಿನ ಮೊದಲಕ್ಷರ ಬರೆಯುತ್ತಾನೆ. ಅದು ಅವನ ಮಾತು ಇದ್ದ ಹಾಗೆ, ಯಾರೂ ತೂಗಿ ನೋಡುವುದಿಲ್ಲ. ಅವನು ಪೆನ್ನು ಅದ್ದುವಾಗ, "ಐವತ್ತೆಂಟು ಅಂತ ಹಾಕು ಮಾರಾಯ" ಎಂದೆ, ತಮಾಷೆಗೆ ಎಂಬಂತೆ.

ಅವನು ನಗಲಿಲ್ಲ. "ನನ್ನ ಕೈಯಲ್ಲಿ ಸುಳ್ಳು ಬರೆಸ್ಬೇಡ ರೇನೊ."

"ಹಂಗಾದ್ರೆ ಖಾಲಿ ಬಿಡು."

ಖಾಲಿ ಬಿಟ್ಟ. "ವಾರ್ನಿಷ್ ನೀನೇ ಹಚ್ಕೋ" ಎಂದು ಡಬ್ಬಿ ಕೈಗೆ ಕೊಟ್ಟ.

ಮನೆಗೆ ಬಂದು ಹಳೆ ಪೇಪರಿನ ಮೇಲೆ ಎಮಿಲ್‌ನ ಬಾಲ ಸುತ್ತಿದ ಐದನ್ನು ಹನ್ನೊಂದು ಸಲ ಬರೆದು ನೋಡಿದೆ. ಹನ್ನೆರಡನೆಯದನ್ನು ಬಿಲ್ಲಿನ ಮೇಲೆ ಬರೆದೆ. ಐವತ್ತೆಂಟು. ಕೆಳಗೆ ಅವನ ಮೊದಲಕ್ಷರ. ಮೇಲೆ ವಾರ್ನಿಷ್. ಅವನೇ ಬಂದು ನೋಡಿದರೂ ತನ್ನದೇ ಎನ್ನಬೇಕು.

ಇದರಿಂದ ಯಾರಿಗೇನು ನಷ್ಟ? ನನ್ನ ಬಿಲ್ಲು, ನನ್ನ ಭುಜ.

ನಲವತ್ತಾರು, ನಲವತ್ತೆಂಟಕ್ಕೆ ಹೊಂದುವ ಬಾಣಗಳ ತುದಿಗೆ ಎಮಿಲ್ ಹಳದಿ ಬಣ್ಣ ಹಚ್ಚುತ್ತಾನೆ, ಐವತ್ತೆಂಟಕ್ಕಾದರೆ ಕೆಂಪು. ನನ್ನ ಹಳದಿ ಬಾಣಗಳನ್ನು ಉಗಿಸ್ನಾನದ ಕೋಣೆ ಸೌನಾದ ಬೆಂಚಿನ ಕೆಳಗೆ ಇಟ್ಟಿದ್ದೇನೆ. ಯಾರೂ ಇಲ್ಲದಾಗ ಅಭ್ಯಾಸ ಮಾಡಿದರಾಯಿತು.

ಜೂನ್ 15

ಕ್ಯಾಂಪಿನ ಛಾವಣಿ ರಿಪೇರಿ. ಬಿಲ್ಲನ್ನು ಗೋಡೆಯ ಗೂಟಕ್ಕೆ ನೇತುಹಾಕಿದೆ. ಸಂಖ್ಯೆ ಹೊರಗೆ ಕಾಣುವಂತೆ ನೇತುಹಾಕುವುದು ಇಲ್ಲಿನ ರೂಢಿ. ಡೆಲ್ಬರ್ಟ್ ಕನ್ನಡಕ ಏರಿಸಿ ಓದಿ, "ಐವತ್ತೆಂಟು! ಅರವತ್ತೈದು ಮುದುಕ ಆದ ಕಣ್ರೋ!" ಎಂದು ಸಾರಿದ. ಎಲ್ಲ ಗೇಲಿ ಮಾಡಿದರು. ಐವತ್ತೆಂಟಕ್ಕೇ ಇಷ್ಟು.

ಒಂದು ಮಾತು ಬರೆಯಬೇಕು. ಬೆಳಿಗ್ಗೆ ಒಬ್ಬನೇ ಇದ್ದಾಗ ನಲವತ್ತು ಬಾಣ ಬಿಟ್ಟೆ. ಮೂವತ್ತೇಳು ಅಂಗೈಯಗಲದಲ್ಲಿ ಕೂತವು. ಭುಜ ನೋಯಲಿಲ್ಲ. ಯಾರಿಗೂ ಹೇಳುವಂತಿಲ್ಲವಲ್ಲ ಎಂದು ಬೇಜಾರಾಯಿತು.

ಜುಲೈ 21

ಐಲಿ ಬಂದಿದ್ದಳು. ನನ್ನ ಅಣ್ಣ ವೈನೊನ ಮಗಳು. ಅವಳಿಗೆ ಹದಿನೈದಾದಾಗ ಅವನು ತೀರಿಕೊಂಡ, ಬಿಲ್ಲು ಹಿಡಿಯುವುದನ್ನು ನಾನೇ ಕಲಿಸಿದೆ. ಈಗ ಇಪ್ಪತ್ತೊಂಬತ್ತು, ಮರದ ಮಿಲ್ಲಿನಲ್ಲಿ ಹಲಗೆ ಎತ್ತಿ ಪೇರಿಸುವ ಕೆಲಸ. ಬಿಲ್ಲನ್ನು ಬಿಸಿಲಲ್ಲಿ ಕಾರಿನೊಳಗೆ ಬಿಟ್ಟಿದ್ದಳಂತೆ, ಅಂಟು ಬಿಟ್ಟು ಸೀಳಿದೆ. ಎಮಿಲ್ ಕಣ್ಣಿನ ಆಪರೇಷನ್ನಿಗೆ ಮಗಳ ಊರಿಗೆ ಹೋದವನು ನವೆಂಬರ್ ತನಕ ಬರುವುದಿಲ್ಲ.

"ಚಿಕ್ಕಪ್ಪ, ನಿಂಗೆ ಹೆಂಗೂ ಹಳೇ ಅರವತ್ತೈದು ಇದೆಯಲ್ಲ. ಈ ಸೀಸನ್‌ಗೆ ಹೊಸದನ್ನ ನಂಗೆ ಕೊಡ್ತೀಯಾ?"

ಡೆಲ್ಬರ್ಟ್ ಅಂಗಳದಲ್ಲೇ ಕೂತು ನನ್ನ ಬಿಯರ್ ಕುಡಿಯುತ್ತಿದ್ದ. "ಕೊಡಯ್ಯ, ನೀನು ಗಂಡಸಿನ ಬಿಲ್ಲೇ ಹಿಡಿ," ಎಂದ.

ಐಲಿ ಎಳೆದು ನೋಡಿದಳು. ಅವಳ ಮುಖ ಅರಳಿತು. "ಅಯ್ಯೋ, ಐವತ್ತೆಂಟು ಇಷ್ಟು ಸಲೀಸಾ! ಮಿಲ್ಲಲ್ಲಿ ಹಲಗೆ ಹೊತ್ತಿದ್ದು ದಂಡ ಆಗ್ಲಿಲ್ಲ ನೋಡು!"

ಆಗಲೇ ಹೇಳಬಹುದಿತ್ತು. ಒಂದು ವಾಕ್ಯ. ಡೆಲ್ಬರ್ಟ್ ಹೋದ ಮೇಲೆ ಹೇಳೋಣವೆಂದುಕೊಂಡೆ. ಅವನು ಹೋಗುವ ಮೊದಲೇ ಅವಳು ಹೋದಳು, ಬಿಲ್ಲು ಹಿಡಿದುಕೊಂಡು.

ಆಗಸ್ಟ್ 18

ಐಲಿ ಐವತ್ತೆಂಟರ ಬಾಣದ ಕಡ್ಡಿಗಳನ್ನು ಅಂಚೆಯಲ್ಲಿ ತರಿಸಿ, ತುದಿಗೆ ತಾನೇ ಕೆಂಪು ಹಚ್ಚಿಕೊಂಡಿದ್ದಾಳೆ. ತನ್ನ ಹಳದಿಯವನ್ನು, "ಇವು ಐವತ್ತೆಂಟಕ್ಕೆ ಆಗಲ್ಲ" ಎಂದು ಕಲಿಯುವ ಮಕ್ಕಳಿಗೆ ಕೊಟ್ಟಳಂತೆ.

ಹಿತ್ತಲಲ್ಲಿ ಅವಳು ಹೊಡೆದದ್ದೆಲ್ಲ ಎಡಕ್ಕೆ, ಹದಿನೈದು ಗಜಕ್ಕೆ ಒಂದು ಅಂಗೈಯಷ್ಟು ಎಡಕ್ಕೆ. ಏಕೆಂದು ನನಗೆ ಗೊತ್ತು. ಬಾಣ ಬಿಲ್ಲನ್ನು ಬಳಸಿ ಬಾಗಿ ಹೋಗಬೇಕು. ಬಿಲ್ಲಿನ ಬಲಕ್ಕಿಂತ ಕಡ್ಡಿ ಗಟ್ಟಿಯಾದರೆ ಬಾಗದೆ ಎಡಕ್ಕೆ ಹಾರುತ್ತದೆ. ನಲವತ್ತಾರರ ಬಿಲ್ಲಿನಿಂದ ಐವತ್ತೆಂಟರ ಬಾಣ ಮತ್ತೆಲ್ಲಿಗೆ ಹೋದೀತು?

"ನಾನೇನು ತಪ್ಪು ಮಾಡ್ತಿದೀನಿ ಚಿಕ್ಕಪ್ಪ?"

"ಬೆರಳು," ಎಂದೆ. "ಹೆದೆ ಬಿಡುವಾಗ ಬೆರಳು ಕಿತ್ತ ಹಾಗೆ ಬಿಡ್ತೀಯ."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ನಾನು ಬಾಣ ಹೆಕ್ಕಲು ಹೋದೆ. ಎಲ್ಲವನ್ನೂ ಹೆಕ್ಕಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಬಗ್ಗಿಕೊಂಡಿದ್ದೆ.

ಸೆಪ್ಟೆಂಬರ್ 9

ದಿನಕ್ಕೆ ನೂರು ಬಾಣ ಬಿಡುತ್ತಾಳೆ. ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದಾಳೆ. ಇಷ್ಟು ವರ್ಷದಲ್ಲಿ ನಾನು ನೋಡಿದ ಅತಿ ಚೊಕ್ಕ ಕೈ ಅವಳದು. ಅಂಥವಳು ಈಗ ಗುರಿ ತಪ್ಪುವ ಭಯಕ್ಕೆ ಹೆದೆ ಬಿಡುವ ಮೊದಲೇ ಕಣ್ಣು ಮುಚ್ಚುತ್ತಾಳೆ.

"ಬಲಕ್ಕೆ ಗುರಿ ಇಟ್ರೆ ಸರಿ ಬೀಳತ್ತೆ," ಎಂದಳು ಕೊನೆಗೆ. ಹೊಡೆದು ತೋರಿಸಿದಳು. ನಡುವಿಗೇ ಬಿತ್ತು.

"ಶಭಾಷ್," ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಥೂ.

ಅಕ್ಟೋಬರ್ 2

ಸೀಸನ್ ಶುರುವಾಗಿದೆ. ಅರವತ್ತೈದನ್ನು ಹೊತ್ತು ಹೋಗಿ ಹೆಮ್‌ಲಾಕ್ ಮರದ ಕೆಳಗೆ ಕೂತಿದ್ದೆ. ಎರಡು ಜಿಂಕೆ ಬಂದವು, ಒಂದು ಹನ್ನೆರಡು ಗಜಕ್ಕೆ. ಬಿಲ್ಲು ಎಳೆಯಲಿಲ್ಲ. ಎಳೆಯಲಾಗಲಿಲ್ಲ ಎಂದು ಬರೆಯಬೇಕು. ಜಿಂಕೆ ನನ್ನನ್ನು ನೋಡಿ, ಅಪಾಯವಿಲ್ಲ ಎಂದು ತಿಳಿದಂತೆ ಮೇಯುತ್ತ ಹೋಯಿತು.

ಅಕ್ಟೋಬರ್ 5

ಮಧ್ಯಾಹ್ನದ ಮೇಲೆ ಐಲಿ ಬೆವರಿಕೊಂಡು ಕ್ಯಾಂಪಿಗೆ ಬಂದಳು. ಎಳೆ ಗಂಡು ಜಿಂಕೆ, ಬಲಕ್ಕೆ ಮುಖ ಮಾಡಿ ನಿಂತಿತ್ತಂತೆ, ಹದಿನೆಂಟು ಗಜ. "ಎದೆ ಡವಡವ ಅಂತಿತ್ತು. ಬಲಕ್ಕೆ ಹಿಡಿಯೋದು ಮರೆತೇಹೋಯ್ತು. ನೀನು ಚಿಕ್ಕಂದಿನಲ್ಲಿ ಹೇಳಿಕೊಟ್ಟ ಹಾಗೆ ಭುಜದ ಹಿಂದೆ ನೆಟ್ಟಗೆ ನೋಡಿ ಬಿಟ್ಟೆ. ಹೊಟ್ಟೆಗೆ ಬಿತ್ತು ಚಿಕ್ಕಪ್ಪ."

ಬಾಣ ಸಿಕ್ಕಿತು. ಮೂಸಿ ನೋಡಿದೆ, ಹೊಟ್ಟೆಯ ಹಸಿರು ನಾತ. ಹೊಟ್ಟೆಗೆ ಬಿದ್ದದ್ದನ್ನು ಕೂಡಲೇ ಬೆನ್ನಟ್ಟಬಾರದು, ಇನ್ನೂ ದೂರ ಓಡುತ್ತದೆ. ನಾಳೆ ಬೆಳಿಗ್ಗೆ ತನಕ ಕಾಯಬೇಕು. ಅದು ಎಲ್ಲೋ ಮಲಗಿ ನರಳುತ್ತಿರುತ್ತದೆ, ನಾವು ಕಾಯಬೇಕು.

ಅಕ್ಟೋಬರ್ 6

ಹತ್ತು ಗಂಟೆಗೆ ಸಿಕ್ಕಿತು, ತೊರೆಯ ಪಕ್ಕ. ಕೊಯೋಟಿ ನರಿಗಳು ಹಿಂಭಾಗವನ್ನೆಲ್ಲ ತಿಂದಿದ್ದವು. ಮಾಂಸ ಯಾವುದಕ್ಕೂ ಬರುವಂತಿರಲಿಲ್ಲ. ಐಲಿ ಅಳಲಿಲ್ಲ. ಜೇಬಿನಿಂದ ತನ್ನ ಬೇಟೆಯ ಚೀಟಿ ತೆಗೆದು ಅದರ ಕೊಂಬಿಗೆ ಕಟ್ಟಿದಳು. ಒಂದು ಚೀಟಿಗೆ ಒಂದೇ ಜಿಂಕೆ, ಈ ವರ್ಷಕ್ಕೆ ಅವಳು ತೆಗೆದುಕೊಂಡಿದ್ದು ಅದೊಂದೇ ಚೀಟಿ.

"ತಿನ್ನೋಕಾಗದ್ದಕ್ಕೆ ಯಾಕೆ ಕಟ್ತೀಯೇ? ಯಾರು ನೋಡ್ತಾರೆ ಇಲ್ಲಿ?" ಎಂದೆ.

"ನಾನು ಕೊಂದಿದ್ದಲ್ವಾ?" ಎಂದಳು.

ಹೋದ ವರ್ಷದ ಅಕ್ಟೋಬರ್ 19ನ್ನು ತೆಗೆದು ಓದಿದೆ. ಕೊಂಬೆ ಇರಲಿಲ್ಲ. ಬಿಲ್ಲನ್ನು ನಾಲ್ಕು ಅಂಗುಲ ಕಡಿಮೆ ಎಳೆದು, ಕೈ ಸೋತು, ಹೆದೆ ಜಾರಿತು. ಬಾಣ ಕೆಳಗೆ ಬಿದ್ದು ಅರ್ಧ ಹೊಕ್ಕಿತು. ಬಾಣ ಹೊತ್ತುಕೊಂಡೇ ಅದು ಓಡಿತು. ಮರುದಿನ ಕಟ್ಟಿಗೆ ಒಡೆಯಲಿಲ್ಲ, ಮಧ್ಯಾಹ್ನದ ತನಕ ಜೌಗಿನಲ್ಲಿ ರಕ್ತ ಹುಡುಕಿದೆ. ನೀರಿನ ಹತ್ತಿರ ಜಾಡು ತಪ್ಪಿತು. ಚೀಟಿ ಜೇಬಿನಲ್ಲೇ ಇತ್ತು. ನವೆಂಬರಿನಲ್ಲಿ ಅದೇ ಚೀಟಿಗೆ ಬಂದೂಕಿನಿಂದ ಇನ್ನೊಂದು ಜಿಂಕೆ ಹೊಡೆದು ಮನೆಗೆ ತಂದೆ, ಎಲ್ಲರೂ ಬೆನ್ನು ತಟ್ಟಿದರು.

ಈ ಪುಸ್ತಕ ಓದುವವನು ನಾನೊಬ್ಬನೇ. ಇದರಲ್ಲೂ ಸುಳ್ಳು ಬರೆದಿದ್ದೆ.

ಅಕ್ಟೋಬರ್ 8

ಐಲಿ ಬಿಲ್ಲು ವಾಪಸು ತಂದಳು. ಒರೆಸಿ, ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. "ನಾನು ಬಿಟ್ಟೆ ಚಿಕ್ಕಪ್ಪ. ಅಪ್ಪನ ಕೈ ನಂಗೆ ಬಂದಿಲ್ಲ. ನನ್ನ ಬೆರಳೇ ಸರಿ ಇಲ್ಲ ಅಂತ ನೀನು ಹೇಳ್ತಾನೇ ಇದ್ದೆ. ಆ ಪ್ರಾಣಿ ನನ್ನ ಹಟಕ್ಕೆ ಸತ್ತಿತು."

"ಮುಂದಿನ ವರ್ಷ ನೋಡೋಣ," ಎಂದೆ.

ಊಟಕ್ಕೆ ಮಾಂಸ, ಗೆಡ್ಡೆ ತುಂಬಿದ ಪ್ಯಾಸ್ಟಿ ಮಾಡಿದ್ದಳು ವೆರ್ನಾ. ಒಂದು ತುತ್ತೂ ಇಳಿಯಲಿಲ್ಲ. "ಗೆಡ್ಡೆ ಬೆಂದಿಲ್ವಾ?" ಎಂದಳು. ಬೆಂದಿದೆ ಎಂದೆ. ತಟ್ಟೆ ಎತ್ತಿಕೊಂಡು ಹೋಗುವಾಗ ಹೇಳಿದಳು: "ಅದೇನಿದೆಯೋ ಅದನ್ನ ಆ ಹುಡುಗಿಗೆ ಹೇಳು, ರೇನೊ. ನಂಗಲ್ಲ."

ಅಕ್ಟೋಬರ್ 11

ಹೇಳಿದೆ. ಹೇಳಿದೆ ಎಂದರೂ ಸುಳ್ಳೇ, ಬಾಯಿ ಬರಲಿಲ್ಲ. ಸೌನಾದ ಬೆಂಚಿನ ಕೆಳಗಿನ ಹಳದಿ ಬಾಣಗಳನ್ನೂ ಬಿಲ್ಲನ್ನೂ ತೆಗೆದುಕೊಂಡು ಅವಳ ಮನೆಗೆ ಹೋದೆ. "ಇವನ್ನ ಒಂದ್ಸಲ ಹೊಡೆದು ನೋಡು," ಎಂದೆ. ಬೇಡ ಎಂದಳು. ಮೂರೇ ಮೂರು ಎಂದೆ.

ಮೊದಲನೆಯದಕ್ಕೆ ರೂಢಿಯಂತೆ ಬಲಕ್ಕೆ ಹಿಡಿದಳು, ಬಾಣ ಬಲಕ್ಕೇ ಹೋಯಿತು. ಎರಡನೆಯದಕ್ಕೆ ನೆಟ್ಟಗೆ ನೋಡಿದಳು. ನಡುವಿಗೆ ಬಿತ್ತು. ಮೂರನೆಯದು ಅದರ ಪಕ್ಕ. ಬಾಣದ ಹಳದಿ ತುದಿ ನೋಡಿದಳು. ಬಿಲ್ಲಿನ ಮೇಲಿನ ಸಂಖ್ಯೆ ನೋಡಿದಳು. ಆಮೇಲೆ ನನ್ನನ್ನು.

"ಇದು ಎಷ್ಟು?"

"ನಲವತ್ತಾರು."

"ಎಮಿಲ್ ತಪ್ಪು ಬರೆದ್ನಾ?"

"ಎಮಿಲ್ ಬರೀಲಿಲ್ಲ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೆರಳಿನ ಪಟ್ಟಿಯನ್ನು ಬಿಚ್ಚತೊಡಗಿದಳು, ಮೂರೂ ಬೆರಳಿನದು, ನಿಧಾನವಾಗಿ. "ಎರಡು ತಿಂಗಳು ನನ್ನ ಬೆರಳನ್ನ ಬೈದ್ಯಲ್ಲ," ಎಂದಳು. "ಪಕ್ಕದಲ್ಲೇ ನಿಂತು ಬೈದ್ಯಲ್ಲ ಚಿಕ್ಕಪ್ಪ. ಹೋಗು ಇನ್ನು."

ಬಂದೆ. ನನ್ನ ಅಣ್ಣ ಬದುಕಿದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದ. ಬಾರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಕ್ಟೋಬರ್ 12

ಚಾಕುವಿನಿಂದ ವಾರ್ನಿಷ್ ಕೆರೆದು ಐವತ್ತೆಂಟನ್ನೂ ಎಮಿಲ್‌ನ ಅಕ್ಷರವನ್ನೂ ತೆಗೆದೆ. ಅಲ್ಲಿ 46 ಎಂದು ನನ್ನದೇ ಕೈಬರಹದಲ್ಲಿ ಬರೆದೆ. ಸೊಟ್ಟಗಿದೆ, ಇರಲಿ. ಈ ವರ್ಷದ ನನ್ನ ಚೀಟಿಯ ಮೇಲೆ ಹೋದ ವರ್ಷದ ತಾರೀಖು ಹಾಕಿ, ಈ ಪುಟಕ್ಕೆ ಪಿನ್ ಹೊಡೆದಿದ್ದೇನೆ. ಈ ವರ್ಷ ನನಗಿನ್ನು ಬೇಟೆಯಿಲ್ಲ.

ಅಕ್ಟೋಬರ್ 25

ಫೋನ್ ಎತ್ತುವುದಿಲ್ಲ. ಅವಳ ಮನೆಗೆ ಚಳಿಗಾಲದ ಕಟ್ಟಿಗೆ ಹಾಕಿ ಬಂದೆ. ಪರದೆ ಸರಿಯಿತು, ಬಾಗಿಲು ತೆರೆಯಲಿಲ್ಲ.

ನವೆಂಬರ್ 3

ಕ್ಯಾಂಪಿನಲ್ಲಿ ಎಲ್ಲರೂ ಇದ್ದರು. ಎಮಿಲ್ ಕೂಡ, ಹೊಸ ಕಣ್ಣು ಹಾಕಿಸಿಕೊಂಡು. ಬಿಲ್ಲನ್ನು ಗೂಟಕ್ಕೆ ಹಾಕಿ, ಐಲಿಯ ಜಿಂಕೆ ಹೇಗೆ ಸತ್ತಿತೆಂದು ಹೇಳಿದೆ. ಸಂಖ್ಯೆ, ಬಾಣ, ಬೆರಳು, ಎಲ್ಲ. ಕೊನೆಗೆ ಎಮಿಲ್‌ನ ಅಕ್ಷರವನ್ನು ಕದ್ದದ್ದನ್ನೂ ಹೇಳಿದೆ. ಅವನು ಎದ್ದು ಬಿಲ್ಲಿನ ಕೆರೆದ ಜಾಗದ ಮೇಲೆ ಬೆರಳಾಡಿಸಿ, ಹೋಗಿ ಕೂತ.

ನಗು ಬರಲಿ ಎಂದು ಕಾದೆ. ಬರಲಿಲ್ಲ. ಡೆಲ್ಬರ್ಟ್ ಕೆಟಲ್ ಮುಂದಕ್ಕೆ ತಳ್ಳಿ, "ಕಾಫಿ ತಗೋ, ರೇನೊ," ಎಂದ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ನನ್ನ ಹೆಸರು. ಅಷ್ಟು ನೋಯುತ್ತದೆಂದು ತಿಳಿದಿರಲಿಲ್ಲ.

ಹೋದ ವರ್ಷದ ಹೆಣ್ಣು ಜಿಂಕೆಯ ಮಾತು ಮಾತ್ರ ಹೇಳಲಿಲ್ಲ.

ನವೆಂಬರ್ 12

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಐಲಿ ಕ್ಯಾಂಪಿಗೆ ಬಂದಳು. ಮೂವತ್ತೆರಡು ದಿನ ಆಗಿತ್ತು. ಯಾರ ಮುಖವನ್ನೂ ನೋಡದೆ ಗೂಟದಿಂದ ನನ್ನ ಬಿಲ್ಲು ಇಳಿಸಿ, ಸೊಟ್ಟ ನಲವತ್ತಾರನ್ನು ಓದಿ, ಊಟದ ಮೇಜಿನ ಮೇಲೆ ಹತ್ತಿ ಕೂತಳು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎಮಿಲ್ ಕಾಫಿ ಕೆಳಗಿಟ್ಟ.

ಪೂರ್ತಿ ಎಳೆದು ಹಿಡಿದಳು. "ಒಂದು ಬಟ್ಟಲು ಗಂಜಿ. ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಎರಡು ಹೋಳು. ಒಂದು ತಿಂಗಳಿಂದ ಚಿಕ್ಕಪ್ಪನ ಮೇಲೆ ಸಿಟ್ಟು, ಅದನ್ನೂ ತಿಂದಿದೀನಿ." ಬಿಲ್ಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಇಳಿಸಿ ನನ್ನ ಕೈಗೆ ಕೊಟ್ಟಳು. "ಈಗ ನೀನು ಹೇಳು."

ಮೇಜು ಹತ್ತಿ ಕೂತು ಎಳೆದೆ. ಬೆರಳು ಬಾಯಿಯ ಮೂಲೆಗೆ ಬಂತು. "ಎರಡು ಮೊಟ್ಟೆ, ಬ್ರೆಡ್ಡು," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಹೋದ ವರ್ಷ ಅಕ್ಟೋಬರ್ ಹತ್ತೊಂಬತ್ತಕ್ಕೆ, ಸೀಡರ್ ಜೌಗಲ್ಲಿ ಒಂದು ಹೆಣ್ಣು ಜಿಂಕೆ. ಕೊಂಬೆ ಗಿಂಬೆ ಏನೂ ಇರ್ಲಿಲ್ಲ. ನಂಗೆ ಬಿಲ್ಲು ಎಳೆಯೋಕಾಗ್ಲಿಲ್ಲ. ಗಾಯ ಮಾಡಿ ಕಳಕೊಂಡೆ."

"ಚೀಟಿ?" ಎಂದಳು ಐಲಿ.

"ಬರೀಲಿಲ್ಲ. ಅದೇ ಚೀಟಿಗೆ ಇನ್ನೊಂದು ಹೊಡೆದೆ."

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು, ಎಮಿಲ್ ನೋಡುವ ಹಾಗೆ.

"ಸಾಕು ಚಿಕ್ಕಪ್ಪ. ಇಳಿಸು."

ಇಳಿಸಿದೆ. ಅಷ್ಟು ಹೊತ್ತೂ ಬಿಲ್ಲು ನಡುಗಿರಲಿಲ್ಲ. ಐಲಿ ಅದನ್ನು ಹಿಡಿದುಕೊಂಡು, ಸಂಖ್ಯೆ ಹೊರಗೆ ಕಾಣುವಂತೆ ಮತ್ತೆ ಗೂಟಕ್ಕೆ ಹಾಕಿದಳು.

"ಏ ನಲವತ್ತಾರು," ಎಂದ ಡೆಲ್ಬರ್ಟ್, "ಮೇಜಿಂದ ಇಳಿಯಯ್ಯ. ಅಲ್ಲಿ ಜನ ಊಟ ಮಾಡ್ತಾರೆ."